ದಾರಿಯ ಗ್ರಂಥ

ಸ್ಪೇನ್ ದೇಶದ ಸಾಂತಿಯಾಗೊ ಕ್ಷೇತ್ರಕ್ಕೆ ಹೋಗುವ ಪ್ರಾಚೀನ ಕ್ರೈಸ್ತ ಯಾತ್ರಾಮಾರ್ಗವನ್ನು 1987ರಲ್ಲಿ ಯುರೋಪ್ ಪರಿಷತ್ತು ತನ್ನ ಮೊದಲನೆಯ ಸಾಂಸ್ಕೃತಿಕ ಪಥವೆಂದು ಸಾರಿತು. ಆ ಕ್ಷೇತ್ರದ ಪ್ರಸಿದ್ಧ ಗ್ರಂಥವಾದ ‘ಕೋಡೆಕ್ಸ್ ಕಾಲಿಕ್ಸ್ಟಿನಸ್’ ನಮ್ಮ ಬಸವಣ್ಣನವರ ಶತಮಾನದ್ದೇ, ಎಂದರೆ 12ನೆಯದು. ಅದರ ಐದನೆಯ ಭಾಗವು, ಯಾವ ಹೊಳೆಯ ನೀರು ಯಾತ್ರಿಕನು ಕುಡಿಯತಕ್ಕದ್ದು, ಯಾವುದು ಕುಡಿಯತಕ್ಕದ್ದಲ್ಲವೆಂಬುದನ್ನು ಕೂಡ ತಿಳಿಸುವದು. ಕಾವ್ಯದೃಷ್ಟಿಯಿಂದ ಇದು ಶುಷ್ಕವೇ ಸರಿ. ಆದರೆ ಹಳೆಯ ದಾರಿಯನ್ನು ಮತ್ತೆ ಹುಡುಕುವವರಿಗೆ ಒದಗುವದು ಇಂಥ ಶುಷ್ಕ ಮಾತೇ.

ನಮ್ಮ ಹರಿಹರನ ರೀತಿಯೇ ಬೇರೆ. ‘ಬಸವರಾಜದೇವರ ರಗಳೆ’ಯಲ್ಲಿ ಬಸವಣ್ಣನವರು ಜನಿವಾರವನ್ನು ತೊರೆದು, ಬಾಗೇವಾಡಿಯನ್ನು ಬಿಟ್ಟು ಕಪ್ಪಡಿ ಸಂಗಮಕ್ಕೆ ನಡೆದ ಪ್ರಸಂಗದಲ್ಲಿ ಭಕ್ತನ ಅಂತಃಕರಣವು ಕಣ್ಣಿಗೆ ಕಟ್ಟುವದು, ನಡುವಣ ಊರುಗಳ ಲೆಕ್ಕ ಆ ಕವಿಗೆ ಬೇಕಿಲ್ಲ. ಅದನ್ನು ದೋಷವೆನ್ನಲಾರೆ. ದೋಷವು ನಮ್ಮದು. ಬಾಗೇವಾಡಿಯಲ್ಲಿ ಸ್ಮಾರಕವನ್ನೂ ಸಂಗಮದಲ್ಲಿ ಐಕ್ಯಮಂಟಪದ ಸುತ್ತ ಗೋಡೆಯನ್ನೂ ಕಟ್ಟಿದೆವು. ಜಂಗಮವನ್ನು ಎತ್ತಿಹಿಡಿದವರಿಗೆ ಎರಡು ತುದಿಯಲ್ಲಿಯೂ ಸ್ಥಾವರವೇ! ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಸಂಗಮವನ್ನು ಮುಟ್ಟುವ ಮೊದಲೇ ನೀಲಮ್ಮನವರು ಐಕ್ಯರಾದರೆಂದು ಐತಿಹ್ಯವಿದೆ. ಅವರು ನಡೆದು ಬಂದ ದಾರಿ ಯಾವುದೆಂದು ಕೇಳುವವರು ವಿರಳ.

ಇಂಡಿ, ಸಿಂದಗಿಗಳ ಕಡೆಯಿಂದ ಶ್ರೀಶೈಲಕ್ಕೂ ಪಂಢರಪುರಕ್ಕೂ ಇಂದಿಗೂ ಕಾಲ್ನಡೆಯಲ್ಲಿ ಹೋಗುವರು. ದಾರಿಯ ನೀರು, ನೆರಳು, ದಾಸೋಹದ ಮನೆಗಳೆಲ್ಲ ಆ ಮುದುಕರಿಗೆ ಬಾಯಿಪಾಠ. ಅವರ ಬಳಿ ಕುಳಿತು ಬರೆದುಕೊಳ್ಳಲು ಒಬ್ಬ ತರುಣನೂ ಒಂದು ವಹಿಯೂ ಸಾಕು.