ಬಾಣ ತಡವಾದಷ್ಟೂ ಚೆಂದ: ದೊಡ್ಡಾಟದ ಕಾಳಗ ನೋಡಲು ಹೊರಟವರಿಗೆ

ದೇವದುರ್ಗ, ಮಾನ್ವಿ ಸುತ್ತಿನ ಊರುಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಬಯಲಿನಲ್ಲಿ ಅಟ್ಟ ಏಳುತ್ತದೆ. ಮೊದಲ ಸಲ ದೊಡ್ಡಾಟ ನೋಡಲು ಹೋಗುವವರು ಯಾರು ಗೆಲ್ಲುತ್ತಾರೆಂದು ಕಾಯಬಾರದು. ಅದು ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತ ಹುಡುಗರಿಗೂ ಗೊತ್ತು. ಹೊಡೆಯಲೇಬೇಕಾದ ಕೈ ಎಷ್ಟು ಹೊತ್ತು ಹೊಡೆಯದೆ ನಿಂತೀತು ಎಂಬುದನ್ನು ನೋಡಬೇಕು.

ದೊಡ್ಡಾಟದಲ್ಲಿ ರಾಕ್ಷಸರನ್ನು ಕೊಲ್ಲುವ ಪ್ರಸಂಗಗಳಿಗೆ ಬರವಿಲ್ಲ. ಆದರೆ ರುಚಿ ಹತ್ತುವುದು ತಮ್ಮವರೇ ಎದುರುಬದುರಾಗುವ ಕಾಳಗಗಳಲ್ಲಿ. ಸೂಪರ್‌ಹೀರೋ ಚಿತ್ರ ನೋಡಿ ಬೆಳೆದವರಿಗೆ ಈ ಸಂಕಟ ಹೊಸದಲ್ಲ. 2012ರ ‘ದಿ ಅವೆಂಜರ್ಸ್’ ಚಿತ್ರದಲ್ಲಿ ಖಳನಾಯಕ ಲೋಕಿ ನಾಯಕರಲ್ಲೊಬ್ಬನಾದ ಹಾಕ್‌ಐನ ಮನಸ್ಸನ್ನೇ ವಶ ಮಾಡಿಕೊಳ್ಳುತ್ತಾನೆ. ಗೆಳತಿ ನತಾಶಾ ಅವನೊಡನೆ ಬಡಿದಾಡಬೇಕಾಗುತ್ತದೆ. ತಲೆಗೆ ಬಲವಾದ ಪೆಟ್ಟು ಬಿದ್ದ ಮೇಲೆ ಅವನಿಗೆ ಎಚ್ಚರ. ಮಾಡಿದ್ದೆಲ್ಲ ಮಂಕುಬೂದಿಯ ಲೆಕ್ಕಕ್ಕೆ ಹೋಗುತ್ತದೆ, ಮನುಷ್ಯ ಪಾರಾಗುತ್ತಾನೆ. ನಮ್ಮ ಆಟದಲ್ಲಿ ಇಂಥ ರಿಯಾಯಿತಿ ಇಲ್ಲ. ಅರ್ಜುನನನ್ನು ಕಟ್ಟಿಹಾಕಿದ್ದು ಅವನದೇ ಬಾಯಿಂದ ಹೊರಬಿದ್ದ ಮಾತು, ಅದೂ ಪೂರ್ತಿ ಎಚ್ಚರದಲ್ಲಿ ಆಡಿದ್ದು.

‘ಕೃಷ್ಣಾರ್ಜುನ ಕಾಳಗ’ದಿಂದಲೇ ಶುರು ಮಾಡಿ. ಆಕಾಶದಲ್ಲಿ ಹೋಗುತ್ತಿದ್ದ ಗಯನೆಂಬ ಗಂಧರ್ವ ಉಗಿದ ಎಂಜಲು, ಅರ್ಘ್ಯ ಕೊಡುತ್ತಿದ್ದ ಕೃಷ್ಣನ ಬೊಗಸೆಗೆ ಬೀಳುತ್ತದೆ. ಅವನ ತಲೆ ತೆಗೆಯುತ್ತೇನೆಂದು ಕೃಷ್ಣನ ಶಪಥ. ಗಯ ಓಡಿಬಂದು ಅರ್ಜುನನ ಕಾಲು ಹಿಡಿಯುತ್ತಾನೆ. ಕೊಲ್ಲಲು ಬರುತ್ತಿರುವವನು ಯಾರೆಂದು ಮೊದಲು ಬಾಯಿ ಬಿಡುವುದಿಲ್ಲ. ಅರ್ಜುನ ಅಭಯ ಕೊಟ್ಟಾದ ಮೇಲೆ ಹೆಸರು ಹೇಳುತ್ತಾನೆ. ಒಳ್ಳೆಯ ಪಾತ್ರಧಾರಿಯನ್ನು ಗುರುತಿಸುವ ಜಾಗ ಇದೇ. ಕಳಪೆಯವನು ಹೆಸರು ಕೇಳಿದ್ದೇ ಎದೆ ಬಡಿದುಕೊಂಡು ಅಬ್ಬರಿಸುತ್ತಾನೆ. ಪಳಗಿದವನು ಗೆಜ್ಜೆಕಾಲನ್ನು ಕದಲಿಸದೆ ನಿಲ್ಲುತ್ತಾನೆ. ಮದ್ದಳೆಯವನೂ ಕೈ ತಡೆಯುತ್ತಾನೆ. ಎಲ್ಲರೂ ಗದ್ದಲ ಮಾಡುವ ಆಟದಲ್ಲಿ ಆ ಒಂದು ಗಳಿಗೆಯನ್ನು ಮಾತ್ರ ಕಳೆದುಕೊಳ್ಳಬೇಡಿ.

ಮುಂದೆ ಸುಭದ್ರೆ ಬರುತ್ತಾಳೆ. ಒಂದು ಕಡೆ ಅಣ್ಣ, ಇನ್ನೊಂದು ಕಡೆ ಗಂಡ. ಈ ಪ್ರಸಂಗದ ಜೀವ ಇವಳಲ್ಲಿದೆ ಎಂಬುದು ನನ್ನ ತೀರ್ಮಾನ. ಕಿರೀಟ, ಭುಜಕೀರ್ತಿಗಳ ಥಳಕಿಗೆ ಮರುಳಾದವರು ಒಪ್ಪಲಿಕ್ಕಿಲ್ಲ. ಅವಳು ಅಣ್ಣನ ಬಳಿ ಹೋದರೆ ತವರಿನ ಸಲಿಗೆಯಲ್ಲಿ ಜಗಳ ಆಡಬೇಕು, ಗಂಡನ ಬಳಿ ಬಂದರೆ ದನಿ ಇಳಿಯಬೇಕು. ಒಂದೇ ಬೇಡಿಕೆ, ಎರಡು ದನಿ. ಪೇಟಿ ಮಾಸ್ತರರು ಮೊದಲು ಪದ ಎತ್ತುತ್ತಾರೆ, ಆಮೇಲೆ ಪಾತ್ರಧಾರಿ ಮಾತಿಗೆ ಇಳಿಯುತ್ತಾನೆ. ಪದ ಅರ್ಥವಾಗದಿದ್ದರೆ ಗಾಬರಿಯಾಗಬೇಡಿ. ಮಾತಿನಲ್ಲಿ ಅದೇ ವಿಷಯ ಬಿಚ್ಚಿಕೊಳ್ಳುತ್ತದೆ. ಹೆಣ್ಣುಪಾತ್ರವನ್ನು ಮೀಸೆ ಬೋಳಿಸಿದ ಗಂಡಸರೇ ಮಾಡುತ್ತಿದ್ದ ಕಾಲವಿತ್ತು. ಈಗ ಎಷ್ಟೋ ಕಡೆ ಬೇರೆ ಊರಿನ ಕಲಾವಿದೆಯರನ್ನು ಕರೆಸುತ್ತಾರೆ.

ಗಡಿ ದಾಟಿದರೆ ತೆಲುಗಿನವರಿಗೂ ಈ ಕಥೆ ಅಚ್ಚುಮೆಚ್ಚು. ಚಿಲಕಮರ್ತಿ ಲಕ್ಷ್ಮೀನರಸಿಂಹಂ ಅವರ ‘ಗಯೋಪಾಖ್ಯಾನಂ’ ನಾಟಕ ಅಲ್ಲಿ ಹೆಸರುವಾಸಿ. 1963ರಲ್ಲಿ ಕೆ.ವಿ. ರೆಡ್ಡಿ ಅವರು ಎನ್.ಟಿ. ರಾಮರಾವ್ ಅವರನ್ನು ಕೃಷ್ಣನಾಗಿ, ಅಕ್ಕಿನೇನಿ ನಾಗೇಶ್ವರರಾವ್ ಅವರನ್ನು ಅರ್ಜುನನಾಗಿ ನಿಲ್ಲಿಸಿ ಸಿನಿಮಾ ಮಾಡಿದರು. ಎರಡೂ ಭಾಷೆ ಬಲ್ಲ ರಾಯಚೂರಿನವರಿಗೆ ಎರಡನ್ನೂ ಹೋಲಿಸಿ ನೋಡುವ ಭಾಗ್ಯ ಪುಕ್ಕಟೆ ಸಿಕ್ಕಿದೆ.

ಬಭ್ರುವಾಹನನ ಕಾಳಗ ಇದಕ್ಕಿಂತ ಕಹಿ. ಬಹುಮಂದಿಗೆ ಇದು ಗೊತ್ತಿರುವುದು 1977ರ ಚಿತ್ರದಿಂದ. ಅದರಲ್ಲಿ ತಂದೆ ಅರ್ಜುನ, ಮಗ ಬಭ್ರುವಾಹನ ಎರಡೂ ರಾಜಕುಮಾರ್ ಅವರೇ. ಅಟ್ಟದ ಮೇಲೆ ಇಬ್ಬರು ಮನುಷ್ಯರು ಬೇಕು, ಅದೇ ಇಲ್ಲಿನ ಲಾಭ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಓದಿದವರು ಬಲ್ಲರು: ಮಗ ಅಶ್ವಮೇಧದ ಕುದುರೆಯನ್ನು ಒಪ್ಪಿಸಿ ಪಾದಕ್ಕೆರಗಿದರೆ ತಂದೆ ಒದೆಯುತ್ತಾನೆ, ಹುಟ್ಟನ್ನೇ ಹಂಗಿಸುತ್ತಾನೆ. ಅರ್ಜುನನ ಮೇಲೆ ಗಂಗೆಯ ಶಾಪವೂ ಇದೆ, ಹಗೆ ತೀರಿಸಿಕೊಳ್ಳಲು ಜ್ವಾಲೆಯೆಂಬ ರಾಣಿ ಬಾಣವಾಗಿ ಬಭ್ರುವಾಹನನ ಬತ್ತಳಿಕೆಯನ್ನು ಸೇರಿದ್ದಾಳೆ. ಮಂಕುಬೂದಿಗೆ ಹತ್ತಿರದ್ದೇನಾದರೂ ಇದ್ದರೆ ಅದು ಇದು. ಆದರೆ ಶಾಪ ಕೈ ಹಿಡಿದು ಬಿಲ್ಲು ಎತ್ತಿಸುವುದಿಲ್ಲ. ತಾಯಿಯ ಮಾನಕ್ಕೆ ಬಂದ ಮಾತು ಎತ್ತಿಸುತ್ತದೆ. ಎರಡನ್ನೂ ಒಂದೇ ಮುಖದಲ್ಲಿ ತೋರಿಸಬಲ್ಲ ಬಭ್ರುವಾಹನ ಸಿಕ್ಕರೆ ನಿದ್ದೆಗೆಟ್ಟದ್ದು ಸಾರ್ಥಕ. ಅರ್ಜುನನ ತಲೆ ಬಿದ್ದ ಮೇಲೆ ಮಣಿ ತಂದು ಬದುಕಿಸುವ ಭಾಗವನ್ನು ಹೆಚ್ಚಿನ ಕಡೆ ಅವಸರದಲ್ಲಿ ಮುಗಿಸುತ್ತಾರೆ. ಆಗ ಬೆಳಕು ಹರಿಯುವ ಹೊತ್ತು, ಜನಕ್ಕೆ ಹೊಲದ ಕೆಲಸ.

ರಾಮಾಂಜನೇಯ ಯುದ್ಧ ಭಕ್ತಿಯ ಕಡೆಗೆ ವಾಲುತ್ತದೆ, ಲವಕುಶರದ್ದು ಅಳುವಿನ ಕಡೆಗೆ. ಅವನ್ನು ಆಮೇಲೆ ನೋಡಿದರಾಯಿತು.

ಹೊಸಬರಿಗೆ ಕಿರಿಕಿರಿಯಾಗುವುದು ಆಯೇರಿ. ಕಾಳಗ ಕಾವೇರುವಾಗಲೇ ಆಟ ನಿಲ್ಲುತ್ತದೆ. ಅರ್ಜುನನ ಮಾವನ ಮನೆಯವರು ಅಟ್ಟ ಹತ್ತಿ ಟವೆಲ್ ಹೊದಿಸುತ್ತಾರೆ, ನೋಟಿಗೆ ಪಿನ್ನು ಹಾಕುತ್ತಾರೆ, ಮೈಕಿನಲ್ಲಿ ಹೆಸರುಗಳ ಪಟ್ಟಿ. ರಸಭಂಗವೆಂದು ಮುಖ ಸಿಂಡರಿಸಬೇಡಿ. ಎದುರುಬದುರು ನಿಂತವರು ಹಗಲಿನಲ್ಲಿ ಅಳಿಯ-ಮಾವ, ಅಣ್ಣ-ತಮ್ಮಂದಿರು ಆಗಿರಬಹುದು, ಅವರ ಮನೆಯವರೆಲ್ಲ ಕೆಳಗೆ ಕೂತಿದ್ದಾರೆ. ಬಾಣ ಹೂಡಿದವನೇ ಎದುರಾಳಿಗೆ ಬಂದ ಆಯೇರಿಯನ್ನು ನೋಡಿ ನಗುವುದನ್ನು ಯಾವ ಸಿನಿಮಾ ತೋರಿಸೀತು? ಪಾತ್ರಗಳ ಪೂರ್ವಾಪರ ತಿಳಿಯದವರು ಸಾರಥಿಯ ಬೆನ್ನು ಬಿಡಬಾರದು. ಬಂದ ಬಂದ ವೇಷವನ್ನು ಯಾರು, ಎತ್ತ ಎಂದು ವಿಚಾರಿಸುವವನು ಅವನು. ನಗಿಸುವ ಕೆಲಸವೂ ಅವನದೇ.

ರಾಯಚೂರು ನಗರದ ಪಂಡಿತ ಸಿದ್ದರಾಮ ಜಂಬಲದಿನ್ನಿ ರಂಗಮಂದಿರದಂಥ ಕಡೆ ಕುರ್ಚಿ ಸಿಗುತ್ತದೆ, ಬೇಗ ಮನೆಗೂ ಹೋಗಬಹುದು. ಆದರೆ ರಾತ್ರಿಯಿಡೀ ನಡೆಯುವ ಆಟವನ್ನು ಒಂದೆರಡು ತಾಸಿಗೆ ಇಳಿಸುವಾಗ ಮೊದಲು ಕತ್ತರಿ ಬೀಳುವುದು ಆ ತಡಮಾಡುವಿಕೆಗೇ, ಉಳಿಯುವುದು ಬಡಿದಾಟ. ಹಾಗಾಗಿ ಹಳ್ಳಿಗೇ ಹೋಗಿ. ಮಧ್ಯಾಹ್ನ ಮಲಗಿ ಎದ್ದು, ಚಾದರ ಒಯ್ಯಿರಿ. ಮೈಕಿನ ಕಂಬದಿಂದ ದೂರ, ಮದ್ದಳೆಗೆ ಹತ್ತಿರ ಜಾಗ ಹಿಡಿಯಿರಿ. ಗಣಪತಿ ಸ್ತುತಿ ತಪ್ಪಿದರೂ ನಡೆದೀತು, ಗಯನ ಪ್ರವೇಶಕ್ಕೆ ಮೊದಲು ಅಲ್ಲಿರಬೇಕು.