ಪದಬಂಧವೂ ಪ್ರಹೇಲಿಕೆಯೂ

ನಮ್ಮ ಸಂಘದ ಕಳೆದ ತಿಂಗಳ ಗೋಷ್ಠಿಯಲ್ಲಿ ಮಿತ್ರರೊಬ್ಬರು ಪ್ರಸಂಗವಶಾತ್ ಆಡಿದ ಮಾತೊಂದು ಈ ಲೇಖನಕ್ಕೆ ಕಾರಣವಾಗಿದೆ. ಭಾನುವಾರದ ಪತ್ರಿಕೆಯ ಪದಬಂಧದ ಮುಂದೆ ಪೆನ್ಸಿಲ್ ಹಿಡಿದು ಬೆಳಗಿನ ಹೊತ್ತನ್ನೆಲ್ಲ ಕಳೆಯುವ ವಿದ್ಯಾವಂತರನ್ನು ಕಂಡರೆ ತಮಗೆ ಮರುಕವುಂಟಾಗುವುದೆಂದು ಅವರು ಹೇಳಿದರು. ಪ್ರಹೇಲಿಕೆಯು ರಸಕ್ಕೆ ವಿರೋಧಿಯಾದುದರಿಂದ ಅಲಂಕಾರವೇ ಅಲ್ಲವೆಂದು ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ತೀರ್ಮಾನಿಸಿರುವಾಗ, ಅದರ ಪರದೇಶದ ತಂಗಿಯಾದ ಪದಬಂಧಕ್ಕೆ ಸಾಹಿತ್ಯದ ಸಭೆಯಲ್ಲಿ ಮಣೆ ಹಾಕಬಾರದೆಂದೂ ಅವರು ವಾದಿಸಿದರು. ಬಹುಕಾಲ ನನ್ನ ಅಭಿಪ್ರಾಯವೂ ಅದೇ ಆಗಿದ್ದಿತು. ಈಗ ಹಾಗಿಲ್ಲ. ಅಭಿಪ್ರಾಯವು ಬದಲಾದುದೇಕೆಂಬುದನ್ನು ವಾಚಕರ ಮುಂದೆ ನಿವೇದಿಸಿಕೊಳ್ಳುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಮೊದಲು ವಸ್ತುವಿನ ಪರಿಚಯ. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕೆಗೆ ಹೋಗಿ ನೆಲಸಿದ ಆರ್ಥರ್ ವಿನ್ ಎಂಬಾತನು 1913ನೆಯ ಡಿಸೆಂಬರ್ 21ರ ಭಾನುವಾರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕೃತಿಯ ಒಂದು ಚೌಕಟ್ಟನ್ನು ಅಚ್ಚು ಹಾಕಿಸಿದನು. ಇಂದಿನ ಪದಬಂಧಗಳಿಗೆಲ್ಲ ಅದೇ ಮೂಲ. ಅಲ್ಲಿ ಕೇಳುತ್ತಿದ್ದುದು ಕೇವಲ ಪರ್ಯಾಯಪದವನ್ನು. ಈ ಆಟವು ಇಂಗ್ಲೆಂಡನ್ನು ಸೇರಿದ ಮೇಲೆ ಅದಕ್ಕೆ ಎರಡನೆಯ ಜನ್ಮವಾಯಿತು. ಪದದ ಅರ್ಥವನ್ನು ನೇರವಾಗಿ ಕೇಳುವುದನ್ನು ಬಿಟ್ಟು, ಮೇಲುನೋಟಕ್ಕೆ ಒಂದು ಅರ್ಥವನ್ನೂ ಒಡಲಿನಲ್ಲಿ ಇನ್ನೊಂದನ್ನೂ ಇಟ್ಟುಕೊಂಡಿರುವ ಗೂಢವಾಕ್ಯಗಳನ್ನು ಸೂಚನೆಗಳಾಗಿ ಕೊಡುವ ಪದ್ಧತಿಯು ಅಲ್ಲಿ ಬೆಳೆಯಿತು. ವಾರಾಂತ್ಯದ ಪತ್ರಿಕೆಗಳಲ್ಲಿ ಬರುವ ಕಠಿಣವಾದ ಪದಬಂಧಗಳು ಈ ಜಾತಿಯವು. ನನ್ನ ವಿಮರ್ಶೆಯು ಇವುಗಳಿಗೆ ಮಾತ್ರ ಸಂಬಂಧಿಸಿದ್ದು.

ಈ ಗೂಢಸೂಚನೆಯಲ್ಲಿ ಎರಡು ಅಂಗಗಳಿರುವುವು. ಒಂದು, ಉತ್ತರದ ಲಕ್ಷಣ. ಮತ್ತೊಂದು, ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟಿಕೊಳ್ಳುವ ಉಪಾಯ. ಇವೆರಡನ್ನೂ ಬೆಸುಗೆ ಕಾಣದಂತೆ ಬೆಸೆದು ಒಂದೇ ವಾಕ್ಯವಾಗಿ ಮಾಡುವುದೇ ರಚಕನ ಚಾತುರ್ಯ. ಕನ್ನಡದಲ್ಲಿ ನಾನೇ ಮಾಡಿಕೊಂಡ ಕೆಲವು ಉದಾಹರಣೆಗಳನ್ನು ಕೊಡುತ್ತೇನೆ. ‘ರಾಜ, ಹುಡುಕು’ ಎಂದರೆ ‘ಅರಸು’. ‘ರಾಜ, ಕೈಗೆ ಸಿಗು’ ಎಂದರೆ ‘ದೊರೆ’. ಪದವನ್ನು ಮುರಿಯದೆ ಎರಡರ್ಥಗಳನ್ನು ಪಡೆದುದರಿಂದ ಇದು ನಮ್ಮ ಅಭಂಗಶ್ಲೇಷ. ಅರಸುವುದೂ ದೊರೆಯುವುದೂ ಒಬ್ಬನೇ ರಾಜನ ಹೆಸರುಗಳಲ್ಲಿ ಅಡಗಿವೆಯೆಂಬುದು, ಈ ಆಟವನ್ನು ಆಡುವ ತನಕ, ಮೂವತ್ತು ವರ್ಷಗಳಿಗೂ ಮೇಲೆ ಪಾಠ ಹೇಳಿದ ನನಗೆ ಹೊಳೆದಿರಲಿಲ್ಲ. ‘ಶಿರವನ್ನು ವಿಕ್ರಯಿಸು ಎಂದರೆ ಒಂದು ಪೀಳಿಗೆ (4)’ ಎಂಬಲ್ಲಿ ‘ತಲೆ’, ‘ಮಾರು’ ಎಂದು ಒಡೆದು ‘ತಲೆಮಾರು’ ಎಂದು ಕೂಡಿಸಬೇಕು, ಇದು ಸಭಂಗಶ್ಲೇಷ. ‘ಕಾಡು ತಿರುಗಿದರೆ ಹೊಸತು (2)’ ಎಂಬಲ್ಲಿ ‘ವನ’ವು ಹಿಂದುಮುಂದಾಗಿ ‘ನವ’ವಾಗುವುದು. ‘ಶಿವನ ವಾಹನದಿಂದ ಬಿಂದು ಬೀಳಲು ಹರಿಯುವುದು (2)’ ಎಂಬಲ್ಲಿ ‘ನಂದಿ’ಯ ಬಿಂದುವು ಬಿದ್ದು ‘ನದಿ’ಯು ಹರಿಯುವುದು.

ಪಾಠಶಾಲೆಯಲ್ಲಿ ಓದಿದವರಿಗೆ ಇವು ಯಾವುವೂ ಅಪರಿಚಿತವಲ್ಲ. ಧರ್ಮದಾಸನ ‘ವಿದಗ್ಧಮುಖಮಂಡನ’ವನ್ನು ತೆರೆದು ನೋಡಿದರೆ ಗತಪ್ರತ್ಯಾಗತ, ಬಿಂದುಚ್ಯುತಕ, ಮಾತ್ರಾಚ್ಯುತಕ, ಅಕ್ಷರಚ್ಯುತಕ, ಉತ್ತರವನ್ನು ಪ್ರಶ್ನೆಯೊಳಗೇ ಬಚ್ಚಿಡುವ ಅಂತರ್ಲಾಪಿಕೆ, ಹೊರಗಿಡುವ ಬಹಿರ್ಲಾಪಿಕೆ ಇವೆಲ್ಲವೂ ಅಲ್ಲಿ ಸಾಲಾಗಿ ನಿಂತಿವೆ. ವಾತ್ಸ್ಯಾಯನನು ಪ್ರಹೇಲಿಕೆಯನ್ನು ಅರುವತ್ತನಾಲ್ಕು ಕಲೆಗಳಲ್ಲಿ ಎಣಿಸಿದ್ದಾನೆ. ಇಷ್ಟರಿಂದ ಪದಬಂಧವನ್ನು ಕಂಡುಹಿಡಿದವರು ನಾವೇ ಎಂದು ಹೆಮ್ಮೆ ಪಡುವುದು ಬೇಡ. ಪದಗಳು ಒಂದನ್ನೊಂದು ಅಡ್ಡಹಾಯ್ದು ಪರಸ್ಪರ ಸಾಕ್ಷಿ ಹೇಳುವ ಚೌಕಟ್ಟು ವಿನ್ ಹಾಕಿಕೊಟ್ಟದ್ದು. ಒಂದು ಭಾಷೆಯ ಜನರ ಬುದ್ಧಿಗೆ ತೋರಿದ್ದು ಇನ್ನೊಂದು ಭಾಷೆಯ ಜನರಿಗೂ ಸ್ವತಂತ್ರವಾಗಿ ತೋರಬಹುದು.

ಈಗ ಮುಖ್ಯವಾದ ವಿಚಾರಕ್ಕೆ ಬರೋಣ. ಒಗಟನ್ನು ಎಷ್ಟು ಕಠಿಣವಾಗಿ ಮಾಡಿದರೆ ಅಷ್ಟು ಶ್ರೇಷ್ಠವೆ? ಲಂಡನ್ನಿನ ‘ಅಬ್ಸರ್ವರ್’ ಎಂಬ ಭಾನುವಾರದ ಪತ್ರಿಕೆಯಲ್ಲಿ ಒಬ್ಬರಾದ ಮೇಲೊಬ್ಬರು ಪದಬಂಧ ರಚಿಸಿದ ಇಬ್ಬರ ಚರಿತ್ರೆಯು ಈ ಪ್ರಶ್ನೆಗೆ ಉತ್ತರ ಕೊಡುವುದು.

ಮೊದಲನೆಯವನು ಎಡ್ವರ್ಡ್ ಪೋವಿಸ್ ಮ್ಯಾಥರ್ಸ್. ಸ್ಪೇನ್ ದೇಶದ ಮತವಿಚಾರಣೆಯ ಕ್ರೂರಾಧಿಕಾರಿಯಾದ ಟಾರ್ಕೆಮಾಡನ ಹೆಸರನ್ನೇ ಇಟ್ಟುಕೊಂಡು 1926ರಿಂದ 1939ರಲ್ಲಿ ತೀರಿಕೊಳ್ಳುವವರೆಗೂ ಓದುಗರನ್ನು ಚಿತ್ರಹಿಂಸೆಗೆ ಗುರಿಪಡಿಸಿದನು. ಈತನು ಕವಿಯೂ ಹೌದು. ಬಿಲ್ಹಣನದೆಂದು ಪ್ರಸಿದ್ಧವಾದ ‘ಚೌರಪಂಚಾಶಿಕೆ’ಯನ್ನು ಸ್ವಚ್ಛಂದವಾಗಿ ಇಂಗ್ಲಿಷಿಗೆ ತಿರುಗಿಸಿ 1919ರಲ್ಲಿ ಪ್ರಕಟಿಸಿದವನು ಈತನೇ. ನಮ್ಮ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದು ‘ವಿಕ್ರಮಾಂಕದೇವಚರಿತ’ವನ್ನು ಬರೆದ ಆ ಕಾಶ್ಮೀರದ ಕವಿಗೂ ಲಂಡನ್ನಿನ ಪದಬಂಧಕ್ಕೂ ಹೀಗೊಂದು ನಂಟು ಏರ್ಪಟ್ಟಿತು. ಮ್ಯಾಥರ್ಸನ ಕಲ್ಪನಾಶಕ್ತಿಯು ಅಸಾಧಾರಣವಾದದ್ದು. 1934ರಲ್ಲಿ ನೂರು ಪುಟಗಳ ಒಂದು ಪತ್ತೇದಾರಿ ಕಥೆಯನ್ನು ಪುಟಗಳ ಕ್ರಮವನ್ನು ಕೆಡಿಸಿ ಅಚ್ಚು ಹಾಕಿಸಿ, ಸರಿಯಾದ ಕ್ರಮವನ್ನೂ ಆರು ಕೊಲೆಗಳ ರಹಸ್ಯವನ್ನೂ ಕಂಡುಹಿಡಿಯಿರೆಂದು ಓದುಗರಿಗೆ ಸವಾಲು ಹಾಕಿದ ಸಾಹಸಿ ಆತನು. ಆದರೆ ಆತನ ಸೂಚನೆಗಳು ಅನೇಕವೇಳೆ ಆತನ ಮನಸ್ಸಿನ ಓಟವನ್ನು ಅನುಸರಿಸುತ್ತಿದ್ದುವೇ ಹೊರತು ಪದಗಳ ಕಟ್ಟನ್ನಲ್ಲ. ಉತ್ತರವನ್ನು ತಿಳಿದ ಮೇಲೆಯೂ ‘ಹೀಗೂ ಇರಬಹುದು’ ಎಂದು ತಲೆದೂಗಬೇಕೇ ಹೊರತು, ‘ಹೀಗೆಯೇ ಇರಬೇಕು’ ಎಂದು ನಿಶ್ಚಯಿಸಲು ಎಲ್ಲೆಡೆಯೂ ಆಧಾರವಿರುತ್ತಿರಲಿಲ್ಲ.

ಎರಡನೆಯವನು ಡೆರಿಕ್ ಸಾಮರ್ಸೆಟ್ ಮೆಕ್‌ನಟ್. ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯಲ್ಲಿ ಗ್ರೀಕ್ ಲ್ಯಾಟಿನ್ ಭಾಷೆಗಳನ್ನು ಕಲಿಸುತ್ತಿದ್ದ ಉಪಾಧ್ಯಾಯ. 1939ರಲ್ಲಿ ಆ ಪೀಠಕ್ಕೆ ಬಂದು, ಇನ್ನೊಬ್ಬ ಮತವಿಚಾರಕನಾದ ಹಿಮೆನೆಸ್ ಎಂಬವನ ಹೆಸರನ್ನು ಇಟ್ಟುಕೊಂಡು, 1971ರಲ್ಲಿ ತೀರಿಕೊಳ್ಳುವವರೆಗೆ ರಚಿಸಿದನು. ಈತನು 1966ರಲ್ಲಿ ಪದಬಂಧದ ಕಲೆಯನ್ನು ಕುರಿತು ಒಂದು ಲಕ್ಷಣಗ್ರಂಥವನ್ನೇ ಬರೆದನು. ಅದರ ಸಾರವಿಷ್ಟು: ಸೂಚನೆಯಲ್ಲಿ ಉತ್ತರದ ಲಕ್ಷಣವು ನಿರ್ದುಷ್ಟವಾಗಿರಬೇಕು, ಅಕ್ಷರಗಳ ಉಪಾಯವು ವ್ಯಾಕರಣಶುದ್ಧವಾಗಿ ಹೇಳಲ್ಪಟ್ಟಿರಬೇಕು, ಇವೆರಡರ ಹೊರತು ಒಂದು ಪದವೂ ಅಲ್ಲಿರಬಾರದು. ಅಫ್ರಿಟ್ ಎಂಬ ಹೆಸರಿನಿಂದ ಬರೆಯುತ್ತಿದ್ದ ಎ. ಎಫ್. ರಿಚಿ ಎಂಬಾತನು 1949ರಲ್ಲಿಯೇ ತನ್ನ ಪುಸ್ತಕದಲ್ಲಿ ಈ ಧರ್ಮವನ್ನು ಸೂಚಿಸಿದ್ದನು. ರಚಕನು ಮೇಲರ್ಥದಿಂದ ದಾರಿತಪ್ಪಿಸಲಿ, ಅದು ಆಟದ ಹಕ್ಕು. ಆದರೆ ಅಕ್ಷರಶಃ ತೆಗೆದುಕೊಂಡಾಗ ಆ ಮಾತೇ ಉತ್ತರವನ್ನು ಹೇಳುತ್ತಿರಬೇಕು, ಅದು ಆಟದ ಋಣ.

ನನ್ನ ಉದಾಹರಣೆಗೇ ಈ ಒರೆಗಲ್ಲನ್ನು ಹಚ್ಚಿ ನೋಡಬಹುದು. ‘ಶಿರವನ್ನು ವಿಕ್ರಯಿಸಿದ ಹಳೆಯ ಪೀಳಿಗೆ’ ಎಂದು ನಾನು ಮೊದಲು ಬರೆದಿದ್ದೆನು. ಕೇಳುವುದಕ್ಕೆ ಸೊಗಸಾಗಿಯೇ ಇದೆ. ಆದರೆ ‘ವಿಕ್ರಯಿಸಿದ’ ಎಂದರೆ ‘ಮಾರಿದ’ ಎಂದಾಯಿತೇ ಹೊರತು ‘ಮಾರು’ ಎಂದಾಗಲಿಲ್ಲ. ‘ಹಳೆಯ’ ಎಂಬುದಕ್ಕೆ ಕೆಲಸವೇ ಇಲ್ಲ, ಅದು ಕೇವಲ ಪಾದಪೂರಣ. ‘ವಿಕ್ರಯಿಸು ಎಂದರೆ’ ಎಂದು ತಿದ್ದಿದ ಮೇಲೆ, ‘ಹೀಗೆ ಹೇಳಿದ ಪಕ್ಷದಲ್ಲಿ’ ಎಂಬ ಮೇಲರ್ಥವೂ ‘ಇದರ ಅರ್ಥ’ ಎಂಬ ಒಳಅರ್ಥವೂ ಒಂದೇ ಪದದಲ್ಲಿ ಸಲ್ಲುವುವು. ತಿದ್ದುಪಡಿಯಿಂದ ಒಗಟು ಸುಲಭವಾಗಲಿಲ್ಲ, ನ್ಯಾಯವಾಯಿತು. ಕಾಠಿಣ್ಯ ಬೇರೆ, ಅನ್ಯಾಯ ಬೇರೆ.

ಈ ವಿವೇಚನೆಯು ದಂಡಿಗೆ ಚೆನ್ನಾಗಿ ತಿಳಿದಿತ್ತು. ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಆತನು, ಪೂರ್ವಾಚಾರ್ಯರು ಹದಿನಾರು ಸಾಧುಪ್ರಹೇಲಿಕೆಗಳನ್ನೂ ಹದಿನಾಲ್ಕು ದುಷ್ಟಪ್ರಹೇಲಿಕೆಗಳನ್ನೂ ಹೇಳಿರುವರೆಂದು ತಿಳಿಸಿ, ದೋಷಗಳು ಅಸಂಖ್ಯಾತವಾದುದರಿಂದ ತಾನು ಸಾಧುವಾದವನ್ನು ಮಾತ್ರ ವಿವರಿಸುವೆನೆಂದೂ, ಲಕ್ಷಣವಿಲ್ಲದವೇ ದುಷ್ಟವಾದವೆಂದೂ ನಿರ್ಣಯಿಸುತ್ತಾನೆ. ದುಷ್ಟವೆಂದರೆ ಬಿಡಿಸಲು ಕಷ್ಟವಾದದ್ದೆಂದು ಆತನು ಹೇಳಲಿಲ್ಲ. ನಿಯಮಕ್ಕೆ ಒಳಪಡದ್ದು ಎಂದನು. ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರದಲ್ಲಿ, ಒಬ್ಬರ ಹೆಸರನ್ನೊಬ್ಬರು ಕೇಳದ ಆಲಂಕಾರಿಕನೂ ಶಾಲಾಮಾಸ್ತರನೂ ಒಂದೇ ನೆಲೆಯಲ್ಲಿ ಬಂದು ನಿಂತಿರುವುದನ್ನು ಕಂಡು ನನಗೆ ಸಂತೋಷವಾಯಿತು.

ಇನ್ನು ಕನ್ನಡದ ಮಾತು. ನಮ್ಮ ಪತ್ರಿಕೆಗಳಲ್ಲಿ ಪದಬಂಧಗಳಿಗೆ ಕೊರತೆಯಿಲ್ಲ. ಬಿಡಿಸುವ ಮನೆಮಂದಿಗೂ ಕೊರತೆಯಿಲ್ಲ. ಆದರೆ ಬಹುಪಾಲು ಸೂಚನೆಗಳು ಪರ್ಯಾಯಪದವನ್ನು ಕೇಳುವ ಹಂತದಲ್ಲಿಯೇ ನಿಂತಿವೆ. ‘ಸೂರ್ಯ (3)’ ಎಂದು ಕೇಳಿದರೆ ಅಮರಕೋಶವನ್ನು ಬಾಯಿಪಾಠ ಮಾಡಿದವನು ಆದಿತ್ಯನೆ, ಭಾಸ್ಕರನೆ, ಮಿಹಿರನೆ, ತರಣಿಯೆ ಎಂದು ಕೈಕಟ್ಟಿ ಕುಳಿತುಕೊಳ್ಳಬೇಕು. ಇಲ್ಲಿ ಊಹೆಗೆ ಕೆಲಸವುಂಟು, ಬುದ್ಧಿಗಿಲ್ಲ. ಗೂಢಸೂಚನೆಯು ಕನ್ನಡಕ್ಕೆ ಒಗ್ಗದೆಂದು ಕೆಲವರು ಹೇಳುವುದುಂಟು. ಅದರಲ್ಲಿ ಅರ್ಧ ಸತ್ಯವಿದೆ. ಇಂಗ್ಲಿಷಿನವರ ಮುಖ್ಯ ಆಯುಧವು ಅಕ್ಷರಪಲ್ಲಟ. ಒಂಬತ್ತು ಬೇರೆ ಬೇರೆ ಅಕ್ಷರಗಳ ಪದವನ್ನು 3,62,880 ಬಗೆಯಲ್ಲಿ ಜೋಡಿಸಬಹುದಾದುದರಿಂದ ಅವರಿಗೆ ಅದು ಅರಣ್ಯವೇ ಸರಿ. ನಮ್ಮ ಚೌಕದಲ್ಲಿ ಕುಳಿತುಕೊಳ್ಳುವುದು ಬಿಡಿ ವರ್ಣವಲ್ಲ, ಗುಣಿತವನ್ನೊಳಗೊಂಡ ಅಕ್ಷರ. ಮೂರಕ್ಷರದ ಪದಕ್ಕೆ ಇರುವುವು ಆರೇ ಜೋಡಣೆಗಳು. ಆ ಆಯುಧವು ನಮ್ಮಲ್ಲಿ ಮೊಂಡು. ಆದರೆ ಶ್ಲೇಷವೂ ಚ್ಯುತಕವೂ ನಮ್ಮಲ್ಲಿ ಹರಿತವಾಗಿವೆ. ದೇಶ್ಯವೊಂದು, ಸಂಸ್ಕೃತವೊಂದು, ಕೆಲವೊಮ್ಮೆ ಹಿಂದೂಸ್ತಾನಿಯಿಂದ ಬಂದದ್ದೊಂದು, ಹೀಗೆ ಒಂದೇ ವಸ್ತುವಿಗೆ ಮೂರು ಕುಲಗಳ ಹೆಸರುಗಳನ್ನು ಇಟ್ಟುಕೊಂಡಿರುವ ಭಾಷೆಗೆ ಸಾಮಗ್ರಿಯ ಬಡತನವೆಲ್ಲಿಯದು? ಇಂಗ್ಲಿಷಿನ ಆಯುಧವನ್ನು ಎರವಲು ತರದೆ, ನಮ್ಮ ಅಕ್ಷರಕ್ಕೆ ಒಪ್ಪುವುದನ್ನು ಸಾಣೆ ಹಿಡಿಯುವ ರಚಕರು ಬೇಕು.

ಹಾಗಾದರೆ ಪದಬಂಧವು ಕಾವ್ಯವೆ? ಅಲ್ಲ. ಮಮ್ಮಟನು ಚಿತ್ರಕ್ಕೆ ಅಧಮವೆಂಬ ಸ್ಥಾನವನ್ನು ಕೊಟ್ಟನು. ಆನಂದವರ್ಧನನು ಅದನ್ನು ಕಾವ್ಯದ ಅನುಕರಣೆಯೆಂದನು. ಆ ತೀರ್ಪನ್ನು ತಿದ್ದುವ ಯೋಗ್ಯತೆಯೂ ಇಚ್ಛೆಯೂ ನನಗಿಲ್ಲ. ಬಿಡಿಸಿದ ಪದಬಂಧವನ್ನು ಯಾರೂ ಎರಡನೆಯ ಸಲ ಓದುವುದಿಲ್ಲ. ಕಾವ್ಯವನ್ನಾದರೋ ಎರಡನೆಯ ಸಲ ಓದಿದಾಗಲೇ ಓದಿದಂತೆ. ಆದರೆ ವಿಶ್ವನಾಥನ ನಿಷೇಧವು ಪ್ರಹೇಲಿಕೆಯು ಕಾವ್ಯದೊಳಕ್ಕೆ ನುಗ್ಗುವುದನ್ನು ಕುರಿತದ್ದು. ತನ್ನ ಅಂಗಳದಲ್ಲಿ ತಾನು ಆಡಿಕೊಂಡಿರುವ ಮಗುವನ್ನು ದೇವರಮನೆಗೆ ಬಂದೀತೆಂದು ಹೊಡೆಯುವುದು ಸರಿಯಲ್ಲ. ಗೋಷ್ಠೀವಿನೋದಕ್ಕೆ ಅದು ಉಪಯುಕ್ತವೆಂದು ದಂಡಿಯೇ ಅನುಮತಿ ಕೊಟ್ಟಿದ್ದಾನೆ. ಅದಕ್ಕೆ ನಾನು ಇನ್ನೊಂದು ಪ್ರಯೋಜನವನ್ನು ಸೇರಿಸುತ್ತೇನೆ. ಮೊದಲು ತೋರಿದ ಅರ್ಥವೇ ಕೊನೆಯ ಅರ್ಥವೆಂದು ನಂಬದಿರುವ ಅಭ್ಯಾಸವನ್ನು ಅದು ಕಲಿಸುವುದು.

ಈ ಪಾಠವನ್ನು ನಾನು ಕಲಿತದ್ದು ತಡವಾಗಿ. ಇಪ್ಪತ್ತೈದು ವರ್ಷಗಳ ಹಿಂದೆ, ಒಂದು ಮಾರ್ಚ್ ತಿಂಗಳಿನಲ್ಲಿ, ಜ್ವರದಿಂದ ಎರಡು ವಾರ ರಜೆಯಲ್ಲಿದ್ದು ಶಾಲೆಗೆ ಮರಳಿದ ದಿನ, ಒಬ್ಬ ಹುಡುಗನು ಬೆಂಚಿನ ಕೆಳಗೆ ಒಂದು ಹಾಳೆಯನ್ನು ಪಕ್ಕದವನಿಗೆ ದಾಟಿಸುತ್ತಿದ್ದುದನ್ನು ಕಂಡೆನು. ತೆಗೆದು ನೋಡಿದರೆ ಕೆಲವು ಚೌಕಗಳು. ಅವುಗಳ ಕೆಳಗೆ ಮೊದಲ ಸಾಲು: ‘ಹಿಂದಿರುಗಿದ ಕೋತಿ ವಸಂತದಲ್ಲಿ ಹಾಡುವುದು.’ ಪದ್ಯಗಳನ್ನು ತರಗತಿಯಲ್ಲಿ ರಾಗವಾಗಿ ಹೇಳುವುದು ನನ್ನ ವಾಡಿಕೆ. ಹಿಂದಿರುಗಿದವನು ನಾನೇ, ಹಾಡುವವನೂ ನಾನೇ. ಉಳಿದ ಸಾಲುಗಳನ್ನು ಓದುವ ತಾಳ್ಮೆ ನನಗಿರಲಿಲ್ಲ. ಹಾಳೆಯನ್ನು ಹರಿದು, ಹುಡುಗನನ್ನು ಮಧ್ಯಾಹ್ನದವರೆಗೆ ಬಾಗಿಲ ಹೊರಗೆ ನಿಲ್ಲಿಸಿದೆನು. “ಅದು ನೀವಲ್ಲ ಸಾರ್, ಹಕ್ಕಿ ಸಾರ್” ಎಂದು ಅವನು ಅಳುತ್ತ ಹೇಳಿದನು. ಅದನ್ನು ಎರಡನೆಯ ಉದ್ಧಟತನವೆಂದು ತಿಳಿದೆನು.

ನಿವೃತ್ತನಾದ ಮೇಲೆ, ಭಾನುವಾರದ ಇಂಗ್ಲಿಷ್ ಪತ್ರಿಕೆಯ ಸೂಚನೆಗಳನ್ನು ಬಿಡಿಸುವ ಕ್ರಮವನ್ನು ಮೊಮ್ಮಗಳು ಹೇಳಿಕೊಡುತ್ತಿದ್ದಾಗ ಆ ಸಾಲು ತಟ್ಟನೆ ನೆನಪಾಯಿತು. ಕೋತಿಯು ‘ಕಪಿ’, ಹಿಂದಿರುಗಿದರೆ ‘ಪಿಕ’, ವಸಂತದಲ್ಲಿ ಹಾಡುವುದು ಅದೇ. ‘ಹಾಡುವುದು’ ಎಂಬುದು ಮೇಲರ್ಥದಲ್ಲಿ ಕ್ರಿಯಾಪದ, ಒಳಅರ್ಥದಲ್ಲಿ ಹಾಡುವ ಪ್ರಾಣಿ. ಲಕ್ಷಣವು ನಿರ್ದುಷ್ಟ, ಉಪಾಯವು ನ್ಯಾಯ, ಹೆಚ್ಚಿನ ಪದ ಒಂದೂ ಇಲ್ಲ. ಮೆಕ್‌ನಟ್‌ನ ಗ್ರಂಥವನ್ನು ಕಾಣದ ಹದಿಮೂರು ವರ್ಷದ ಕನ್ನಡದ ಹುಡುಗನೊಬ್ಬನು ಅದರ ಮೂರು ನಿಯಮಗಳನ್ನೂ ಪಾಲಿಸಿದ್ದನು. ಗತಪ್ರತ್ಯಾಗತದ ಲಕ್ಷಣವನ್ನು ಕಂಠಪಾಠ ಮಾಡಿದ್ದ ಉಪಾಧ್ಯಾಯನಿಗೆ ಲಕ್ಷ್ಯವು ಕೈಗೆ ಬಂದಾಗ ಗುರುತು ಸಿಕ್ಕಲಿಲ್ಲ.

ಆ ಹಾಳೆಯಲ್ಲಿ ಇನ್ನೂ ಏಳೆಂಟು ಸಾಲುಗಳಿದ್ದುವು. ಅವು ಏನೆಂಬುದು ನನಗೆ ಇನ್ನು ತಿಳಿಯುವಂತಿಲ್ಲ. ಆ ಹುಡುಗನು ಅನಂತರ ಚೌಕಗಳನ್ನು ಬರೆದನೋ ಇಲ್ಲವೋ, ಅದೂ ತಿಳಿಯದು. ನಮ್ಮಲ್ಲಿ ಒಳ್ಳೆಯ ಪದಬಂಧಗಳೇಕೆ ಹುಟ್ಟಲಿಲ್ಲವೆಂದು ಗೋಷ್ಠಿಯಲ್ಲಿ ಕೇಳಿದವರಿಗೆ ನನ್ನಿಂದ ಸಾಧ್ಯವಾದ ಪ್ರಾಮಾಣಿಕವಾದ ಉತ್ತರವು ಇದೇ: ಹುಟ್ಟಿದವುಗಳಲ್ಲಿ ಒಂದನ್ನಾದರೂ ನಾನೇ ಹರಿದುಹಾಕಿದ್ದೇನೆ. ಈ ಪತ್ರಿಕೆಯು ಅವನ ಮನೆಯನ್ನು ತಲುಪುವುದಾದರೆ, ಅವನು ಹೇಳಿದ್ದು ಸರಿ, ಅದು ಹಕ್ಕಿಯೇ ಎಂದು ಅವನ ಮುದಿ ಮೇಷ್ಟ್ರು ಒಪ್ಪಿಕೊಂಡಿರುವುದಾಗಿ ತಿಳಿಯಲಿ.