ಆರ್‌ಸಿಯಲ್ಲಿ ತಿಂಗಳು ನೋಡಿ: ಪುಣೆಯಲ್ಲಿ ಟಾಟಾ ಕಾರು, ಹೊಸದೋ ಸೆಕೆಂಡ್ ಹ್ಯಾಂಡೋ?

ಪುಣೆಯ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ‘ಟಾಟಾ ನೆಕ್ಸಾನ್, 2023’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕಾರುಗಳು ಸಿಗುತ್ತವೆ. ಆ ವರ್ಷದ ಸೆಪ್ಟೆಂಬರ್‌ಗಿಂತ ಮುಂಚಿನದರಲ್ಲಿ ಮುಂದೆ ಕೂತ ಇಬ್ಬರಿಗಷ್ಟೇ ಏರ್‌ಬ್ಯಾಗ್. ಸೆಪ್ಟೆಂಬರ್‌ನಲ್ಲಿ ಬಂದ ಹೊಸ ರೂಪದಲ್ಲಿ ಎಲ್ಲಕ್ಕಿಂತ ಕೆಳಗಿನ ವೇರಿಯಂಟ್‌ಗೂ ಆರು. ಡ್ಯಾಶ್‌ಬೋರ್ಡ್ ಬೇರೆ, ದೀಪಗಳು ಬೇರೆ, ವೇರಿಯಂಟ್‌ಗಳ ಹೆಸರೂ ಬೇರೆ. ಹಳೆಯದಕ್ಕೆ ಎಕ್ಸ್‌ಇ, ಎಕ್ಸ್‌ಎಂ, ಎಕ್ಸ್‌ಝಡ್ ಎಂದಿದ್ದರೆ ಹೊಸದಕ್ಕೆ ಸ್ಮಾರ್ಟ್, ಪ್ಯೂರ್, ಕ್ರಿಯೇಟಿವ್, ಫಿಯರ್‌ಲೆಸ್. ಜಾಹೀರಾತಿನಲ್ಲಿ ಮಾತ್ರ ಎರಡೂ 2023ರ ನೆಕ್ಸಾನ್. ವ್ಯತ್ಯಾಸ ತಿಳಿಯಬೇಕಾದರೆ ಆರ್‌ಸಿ ತೆಗೆದು, ತಯಾರಾದ ತಿಂಗಳು ಯಾವುದೆಂದು ನೋಡಬೇಕು.

ಹೊಸ ಕಾರೋ ಹಳೆಯದೋ ಎಂಬ ಪ್ರಶ್ನೆಗೆ ಟಾಟಾ ಮಟ್ಟಿಗೆ ಒಂದೇ ಉತ್ತರ ಇಲ್ಲದಿರುವುದು ಇದೇ ಕಾರಣಕ್ಕೆ. 2016ರ ಟಿಯಾಗೊದಿಂದ ಈಚೆಗೆ ಕಂಪನಿ ತನ್ನ ಕಾರುಗಳನ್ನು ಎಷ್ಟು ಸಲ, ಎಷ್ಟು ಆಳವಾಗಿ ತಿದ್ದಿದೆಯೆಂದರೆ, ಒಂದು ಮಾಡೆಲ್‌ನಲ್ಲಿ ಶೋರೂಮಿಗೆ ಹೋಗುವುದೇ ಲಾಭ, ಇನ್ನೊಂದರಲ್ಲಿ ಮೂರು ವರ್ಷ ಓಡಿದ ಗಾಡಿಯೇ ಜಾಣ ಆಯ್ಕೆ, ಮತ್ತೊಂದರಲ್ಲಿ ನಿರ್ದಿಷ್ಟ ತಿಂಗಳಿಗಿಂತ ಹಿಂದಿನದನ್ನು ಮುಟ್ಟಲೇಬಾರದು. ‘ಕಾರು ಶೋರೂಮಿನಿಂದ ಹೊರಬಿದ್ದ ಕೂಡಲೇ ಬೆಲೆ ಬೀಳುತ್ತದೆ, ಹಾಗಾಗಿ ಹಳೆಯದೇ ವಾಸಿ’ ಎಂಬ ಸಾಮಾನ್ಯ ಲೆಕ್ಕ ಇಲ್ಲಿ ಅರ್ಧ ಮಾತ್ರ ನಿಜ.

ಈ ಹೋಲಿಕೆಗೆ ಪುಣೆಗಿಂತ ಸೂಕ್ತವಾದ ಊರು ಇನ್ನೊಂದಿಲ್ಲ. ದೇಶದಲ್ಲೇ ಅಭಿವೃದ್ಧಿಗೊಂಡ ಇಂಡಿಕಾ 1998ರಲ್ಲಿ ಹೊರಬಂದದ್ದು ಪಿಂಪ್ರಿ-ಚಿಂಚ್‌ವಾಡದ ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಕಾರ್ಖಾನೆಯಿಂದ. ಅದರ ಜೋಡಣೆ ಸಾಲಿನ ಯಂತ್ರಗಳನ್ನು ಆಸ್ಟ್ರೇಲಿಯಾದಲ್ಲಿ ಮುಚ್ಚಿದ್ದ ನಿಸ್ಸಾನ್ ಕಾರ್ಖಾನೆಯಿಂದ ಕೊಂಡು ತರಲಾಗಿತ್ತು. ಇಂದು ಹ್ಯಾರಿಯರ್, ಸಫಾರಿ, ಆಲ್ಟ್ರೋಜ್, ಪಂಚ್ ಇಲ್ಲೇ ತಯಾರಾಗುತ್ತವೆ. ನೆಕ್ಸಾನ್ ಹತ್ತಿರದ ರಾಂಜಣಗಾಂವ್‌ನಲ್ಲಿ, ಟಿಯಾಗೊ ಗುಜರಾತಿನ ಸಾನಂದ್‌ನಲ್ಲಿ. ಕನ್ನಡಿಗರಿಗೂ ಈ ಕಾರ್ಖಾನೆ ಪರಕೀಯವಲ್ಲ. ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂದಿದ್ದ ಟೆಲ್ಕೊ ಜಾಹೀರಾತು ಕಂಡು ಜೆಆರ್‌ಡಿ ಟಾಟಾ ಅವರಿಗೆ 1974ರಲ್ಲಿ ಪೋಸ್ಟ್‌ಕಾರ್ಡ್ ಬರೆದು, ಪುಣೆಯಲ್ಲಿ ಸಂದರ್ಶನ ಎದುರಿಸಿ ಕೆಲಸ ಗಿಟ್ಟಿಸಿದವರು ಹುಬ್ಬಳ್ಳಿಯ ಸುಧಾ ಮೂರ್ತಿ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಎಷ್ಟೋ ಕುಟುಂಬಗಳಿಗೆ ಹಬ್ಬಕ್ಕೆ ಊರಿಗೆ ಹೋಗುವ ಗಾಡಿಯೂ ಇದೇ ಊರಿನದು.

ಮೊದಲು ಚಿಕ್ಕ ಕಾರು. ಟಿಯಾಗೊವನ್ನು ಈಗ ಹೊಸದಾಗಿಯೇ ಕೊಳ್ಳಬೇಕು. ಕಾರಣ ತೆರಿಗೆಯಲ್ಲಿದೆ. 2025ರ ಸೆಪ್ಟೆಂಬರ್ 22ರವರೆಗೆ 1200 ಸಿಸಿ ಒಳಗಿನ, ನಾಲ್ಕು ಮೀಟರ್‌ಗಿಂತ ಗಿಡ್ಡನೆಯ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 29 ಇತ್ತು. ಅಂದಿನಿಂದ ಅದು ಶೇ 18. ಟಿಯಾಗೊ ಬೆಲೆ ಗರಿಷ್ಠ 75,000 ರೂಪಾಯಿ ಇಳಿದು, ಆರಂಭಿಕ ಎಕ್ಸ್‌ಶೋರೂಮ್ ದರ 4.57 ಲಕ್ಷಕ್ಕೆ ಬಂತು. ಅದೇ ವರ್ಷದ ಆರಂಭದಲ್ಲಿ ಹಳೆಯ ಕಾರುಗಳ ಕಡೆ ನಡೆದದ್ದು ಇದಕ್ಕೆ ತದ್ವಿರುದ್ಧ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ಹಳೆಯ ಚಿಕ್ಕ ಕಾರು ಮಾರುವ ವ್ಯಾಪಾರಿಯ ಲಾಭಾಂಶದ ಮೇಲಿನ ತೆರಿಗೆಯನ್ನು ಶೇ 12ರಿಂದ 18ಕ್ಕೆ ಏರಿಸಿತು. ಲಾಭಾಂಶದ ಮೇಲಷ್ಟೇ ಬೀಳುವ ತೆರಿಗೆಯಾದ್ದರಿಂದ ಮೊತ್ತ ದೊಡ್ಡದಲ್ಲ, ನಿಜ. ಆದರೂ ಹೊಸದರ ಬೆಲೆ ಕೆಳಗಿಳಿಯುತ್ತ ಹಳೆಯದರ ಖರ್ಚು ಮೇಲೇರಿದಾಗ ನಡುವಿನ ಅಂತರ ಕಿರಿದಾಗದೆ ಇರುವುದಿಲ್ಲ. ಹಳೆಯ ಕಾರಿನ ಸಾಲಕ್ಕೆ ಬ್ಯಾಂಕುಗಳು ಹೆಚ್ಚು ಬಡ್ಡಿ ಹಾಕುತ್ತವೆ ಎಂಬುದನ್ನೂ ಸೇರಿಸಿದರೆ, ಮೂರು ವರ್ಷ ಓಡಿದ ಟಿಯಾಗೊದಲ್ಲಿ ಉಳಿಯುವ ಹಣ ಒಂದು ಜೊತೆ ಟೈರು, ಒಂದು ದೊಡ್ಡ ಸರ್ವಿಸ್‌ಗೆ ಕರಗಿಹೋಗಬಹುದು.

ಸಿಎನ್‌ಜಿ ಬೇಕೆನ್ನುವವರಿಗಂತೂ ಹಳೆಯ ಟಿಯಾಗೊ ಬೇಡವೇ ಬೇಡ. 2022ರಲ್ಲಿ ಬಂದ ಮೊದಲ ಐಸಿಎನ್‌ಜಿ ಗಾಡಿಗಳಲ್ಲಿ ಒಂದೇ ದೊಡ್ಡ ಸಿಲಿಂಡರ್ ಡಿಕ್ಕಿಯನ್ನು ನುಂಗಿಬಿಡುತ್ತಿತ್ತು. 2023ರಲ್ಲಿ ಕಂಪನಿ ಎರಡು ಸಣ್ಣ ಸಿಲಿಂಡರ್‌ಗಳನ್ನು ಡಿಕ್ಕಿಯ ನೆಲದಡಿ ಅಡ್ಡಡ್ಡ ಮಲಗಿಸಿತು. ಊರಿಗೆ ಹೋಗುವಾಗ ಸೂಟ್‌ಕೇಸ್ ಇಡಲು ಜಾಗ ಬಂತು. ಇದರ ಜೊತೆಗೆ, ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಮಾಡಿಸುವುದು ಕಡ್ಡಾಯ. ಹಳೆಯ ಗಾಡಿ ಕೊಳ್ಳುವವರು ಆ ಸರ್ಟಿಫಿಕೇಟ್ ಕೇಳಿ ಪಡೆಯಬೇಕು.

ನೆಕ್ಸಾನ್ ವಿಷಯ ಸ್ವಲ್ಪ ಜಟಿಲ, ಮತ್ತು ಇಡೀ ಶ್ರೇಣಿಯಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲೇ. ‘ನೆಕ್ಸಾನ್ ಎಂದರೆ ಐದು ನಕ್ಷತ್ರ’ ಎಂದು ಮಾರುವವರೂ ಹೇಳುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ನಡೆದದ್ದು ಹೀಗೆ. 2018ರ ಆಗಸ್ಟ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆ ನಡೆಸಿದಾಗ ಸಿಕ್ಕದ್ದು ನಾಲ್ಕು. ಪಕ್ಕದ ಸೀಟಿಗೂ ಬೆಲ್ಟ್ ಎಚ್ಚರಿಕೆ ಕೊಟ್ಟು, ಪಕ್ಕದಿಂದ ಗುದ್ದುವ ಪರೀಕ್ಷೆಯನ್ನೂ ದಾಟಿದ ಮೇಲೆ, ಅದೇ ಡಿಸೆಂಬರ್‌ನಲ್ಲಿ ಐದು. ಭಾರತದಲ್ಲಿ ತಯಾರಾದ ಕಾರೊಂದಕ್ಕೆ ಐದು ನಕ್ಷತ್ರ ಸಿಕ್ಕದ್ದು ಅದೇ ಮೊದಲು. ಅದು ದೊಡ್ಡ ಸಾಧನೆ. ದೇಶದ ಕಾರು ಗ್ರಾಹಕರು ಮೈಲೇಜ್ ಜೊತೆ ಸುರಕ್ಷತೆಯನ್ನೂ ಕೇಳತೊಡಗಿದ್ದರಲ್ಲಿ ಅದರ ಪಾಲಿದೆ. ಆದರೆ ಆ ಐದು ನಕ್ಷತ್ರ ದೊಡ್ಡವರ ರಕ್ಷಣೆಗೆ. ಮಕ್ಕಳ ರಕ್ಷಣೆಗೆ ಸಿಕ್ಕದ್ದು ಮೂರೇ. 2022ರಲ್ಲಿ ಪರೀಕ್ಷೆಯ ನಿಯಮಗಳೇ ಬಿಗಿಯಾದವು. ಹೊಸ ನಿಯಮದ ಪ್ರಕಾರ, ಆರು ಏರ್‌ಬ್ಯಾಗಿನ ನೆಕ್ಸಾನ್ 2024ರ ಫೆಬ್ರುವರಿಯಲ್ಲಿ ಎರಡೂ ವಿಭಾಗಗಳಲ್ಲಿ ಐದು ಪಡೆಯಿತು.

ಹೀಗಾಗಿ ನೆಕ್ಸಾನ್‌ನಲ್ಲಿ ಮೂರು ಕಾಲಘಟ್ಟಗಳಿವೆ. 2018ರ ಡಿಸೆಂಬರ್‌ಗಿಂತ ಹಿಂದಿನದು, ಅಲ್ಲಿಂದ 2023ರ ಆಗಸ್ಟ್‌ವರೆಗಿನದು, ಆಮೇಲಿನದು. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಖಂಬಾಟಕಿ ಘಾಟ್ ಇಳಿಯುವ ಮನೆಯವರಿಗೆ ಮೂರನೆಯದೇ ಸರಿ. ಅದರಲ್ಲಿ ಎರಡು ವರ್ಷ ಹಳೆಯದು ಒಳ್ಳೆಯ ಬೆಲೆಗೆ ಸಿಕ್ಕರೆ ಕೊಳ್ಳಲು ಅಡ್ಡಿಯಿಲ್ಲ. ಆದರೆ ಚೌಕಾಸಿ ಮಾಡುವಾಗ ಒಂದು ಮಾತು ಮರೆಯಬಾರದು. ಜಿಎಸ್‌ಟಿ ಇಳಿದಾಗ ನೆಕ್ಸಾನ್ ಬೆಲೆ 1.55 ಲಕ್ಷದವರೆಗೆ ಕುಸಿಯಿತು. ಅದಕ್ಕೂ ಮುಂಚೆ ಕೊಂಡವರು ತಾವು ತೆತ್ತ ಹಣವನ್ನೇ ಆಧಾರ ಮಾಡಿಕೊಂಡು ಬೆಲೆ ಹೇಳುತ್ತಾರೆ. ಕೊಳ್ಳುವವರು ಲೆಕ್ಕ ಹಿಡಿಯಬೇಕಾದದ್ದು ಇಂದಿನ ಆನ್‌ರೋಡ್ ಬೆಲೆಯಿಂದ.

ಆಲ್ಟ್ರೋಜ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2025ರ ಮೇ ತಿಂಗಳ ಪರಿಷ್ಕರಣೆಯಲ್ಲಿ ಆರು ಏರ್‌ಬ್ಯಾಗ್ ಎಲ್ಲ ವೇರಿಯಂಟ್‌ಗೂ ಬಂದವು. ಅಲ್ಲಿಗೆ ಹಳೆಯದರ ಆಕರ್ಷಣೆ ಕುಗ್ಗಿತು. ಪಂಚ್ 2024ರಲ್ಲಿ ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರು. ಆ ಗಾಡಿಗಳು ಇನ್ನೆರಡು ಮೂರು ವರ್ಷದಲ್ಲಿ ರಾಶಿರಾಶಿಯಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರಲಿವೆ, ಅವಸರ ಇಲ್ಲದವರು ಕಾಯಬಹುದು.

ಸೆಕೆಂಡ್ ಹ್ಯಾಂಡ್ ನಿಜವಾಗಿ ಗೆಲ್ಲುವುದು ಹ್ಯಾರಿಯರ್‌ನಲ್ಲಿ. ದೊಡ್ಡ ಕಾರಿನ ಬೆಲೆ ಬೇಗ ಕರಗುತ್ತದೆ. ವಿಮಾ ಕಂಪನಿಗಳು ಗಾಡಿಯ ಮೌಲ್ಯ ಕಟ್ಟುವ ಪಟ್ಟಿಯನ್ನೇ ನೋಡಿ: ಒಂದರಿಂದ ಎರಡು ವರ್ಷದ ಕಾರಿಗೆ ಶೇ 20 ಕಡಿತ, ಎರಡರಿಂದ ಮೂರಕ್ಕೆ 30, ಮೂರರಿಂದ ನಾಲ್ಕಕ್ಕೆ 40, ನಾಲ್ಕರಿಂದ ಐದಕ್ಕೆ 50. ಮಾರುಕಟ್ಟೆ ಈ ಪಟ್ಟಿಯನ್ನು ಅಕ್ಷರಶಃ ಪಾಲಿಸುವುದಿಲ್ಲ. ಆದರೂ ಐದು ಲಕ್ಷದ ಕಾರಿನ ಶೇ 40 ಎಂದರೆ ಎರಡು ಲಕ್ಷ. ಇಪ್ಪತ್ತು ಲಕ್ಷದ ಕಾರಿನದು ಎಂಟು ಲಕ್ಷ. ಆ ಎಂಟು ಲಕ್ಷದಲ್ಲಿ ಇನ್ನೊಂದು ಚಿಕ್ಕ ಕಾರೇ ಬರುತ್ತದೆ.

ಆದರೆ ಯಾವ ಹ್ಯಾರಿಯರ್? 2019ರ ಜನವರಿಯಲ್ಲಿ ಬಂದ ಮೊದಲನೆಯದರಲ್ಲಿ ಫಿಯೆಟ್ ಮೂಲದ 2 ಲೀಟರ್ ಡೀಸೆಲ್ ಎಂಜಿನ್ 140 ಪಿಎಸ್ ಶಕ್ತಿ ಕೊಡುತ್ತಿತ್ತು. ಆಟೋಮ್ಯಾಟಿಕ್ ಇರಲಿಲ್ಲ. ಒಂದೇ ವರ್ಷದಲ್ಲಿ, ಬಿಎಸ್6 ಜೊತೆ ಬಂದ 2020ರ ಗಾಡಿಯಲ್ಲಿ ಅದೇ ಎಂಜಿನ್ 170 ಪಿಎಸ್‌ಗೆ ಏರಿತು, ಹ್ಯುಂಡೈನಿಂದ ತಂದ ಆರು ಗೇರಿನ ಆಟೋಮ್ಯಾಟಿಕ್ ಸೇರಿತು. ಮೊದಲ ವರ್ಷದ ಗಾಡಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಡುವುದು ಒಳ್ಳೆಯದು. 2020ರಿಂದ 2023ರವರೆಗಿನದು ಹೆದ್ದಾರಿಯಲ್ಲಿ ಸೊಗಸಾಗಿ ಓಡುತ್ತದೆ; ಆದರೆ ಅದರ ಸ್ಟಿಯರಿಂಗ್ ಹೈಡ್ರಾಲಿಕ್, ಹಿಂಜವಡಿಯ ಸಂಜೆಯ ಟ್ರಾಫಿಕ್‌ನಲ್ಲಿ ತೋಳಿಗೆ ಭಾರ. 2023ರ ಅಕ್ಟೋಬರ್ ಪರಿಷ್ಕರಣೆಯಲ್ಲಿ ಎಲೆಕ್ಟ್ರಿಕ್ ಸ್ಟಿಯರಿಂಗ್ ಬಂತು, ಆರು ಏರ್‌ಬ್ಯಾಗ್ ಎಲ್ಲದಕ್ಕೂ ಬಂದವು. ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರ ರಕ್ಷಣೆಗೆ 34ಕ್ಕೆ 33.05 ಅಂಕ ಗಳಿಸಿದ್ದು ಈ ಗಾಡಿಯೇ. ಆ ಅಂಕವನ್ನು 2021ರ ಹ್ಯಾರಿಯರ್‌ಗೆ ಅಂಟಿಸಿ ಮಾರುವುದು ಗ್ರಾಹಕನಿಗೆ ಮಾಡುವ ಅನ್ಯಾಯ. ಟಾಟಾ ಶ್ರೇಣಿಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳಲು ಎಲ್ಲಕ್ಕಿಂತ ಯೋಗ್ಯವಾದದ್ದು ಯಾವುದು ಎಂದರೆ, 2023ರ ಕೊನೆಯ ಅಥವಾ 2024ರ ಹ್ಯಾರಿಯರ್, ಇಲ್ಲವೇ ಅದೇ ಕಾಲದ ಸಫಾರಿ.

ಒಂದು ಷರತ್ತಿದೆ. ಬಿಎಸ್6 ಡೀಸೆಲ್‌ನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಗಾಡಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿ ಕಾವೇರಿದಾಗ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಕೋಥ್ರೂಡ್‌ನಿಂದ ಶಿವಾಜಿನಗರಕ್ಕೆ ನಿಂತು ನಿಂತು ಹೋಗುವ ಗಾಡಿಯಲ್ಲಿ ಅದು ಸುಡದೆ ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆಯಾದರೂ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗುವವರಿಗೆ ಡೀಸೆಲ್ ಹೊಂದುತ್ತದೆ. ಬರೀ ನಗರದಲ್ಲಿ ತಿರುಗುವವರಿಗೆ ಅಲ್ಲ. ಕೊಳ್ಳುವಾಗ ಹಿಂದಿನ ಮಾಲೀಕರು ಎಲ್ಲಿ ಓಡಿಸುತ್ತಿದ್ದರು ಎಂದು ಕೇಳುವುದು ಓಡೋಮೀಟರ್ ನೋಡುವಷ್ಟೇ ಮುಖ್ಯ.

ನೆಕ್ಸಾನ್ ಇವಿಯಲ್ಲಿ ಹೊಸದಕ್ಕೂ ಹಳೆಯದಕ್ಕೂ ನಡುವೆ ನಿಂತಿರುವುದು ವಾರಂಟಿ ಕಾಗದ. 2020ರ ಮೊದಲ ಗಾಡಿಯ ಬ್ಯಾಟರಿ 30.2 ಕಿಲೋವ್ಯಾಟ್‌ಅವರ್, ಪ್ರಮಾಣಪತ್ರದಲ್ಲಿ 312 ಕಿ.ಮೀ. ಎಂದಿದ್ದರೂ ನಿಜ ರಸ್ತೆಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ. ಅಂದರೆ 2020ರ ಗಾಡಿಗೆ 2028ಕ್ಕೆ ಮುಗಿಯುತ್ತದೆ. 2025ರಲ್ಲಿ ಕಂಪನಿ 45 ಕಿಲೋವ್ಯಾಟ್‌ಅವರ್ ನೆಕ್ಸಾನ್‌ಗೆ ಹದಿನೈದು ವರ್ಷದ ಬ್ಯಾಟರಿ ವಾರಂಟಿ ಘೋಷಿಸಿತು. ಆದರೆ ಅದು ಮೊದಲ ಖಾಸಗಿ ಮಾಲೀಕರಿಗೆ. ಗಾಡಿ ಕೈ ಬದಲಾಯಿಸಿದರೆ ಆ ಅಭಯ ಜೊತೆಗೆ ಬರುವುದಿಲ್ಲ. ಈ ಷರತ್ತು ಹಳೆಯ ಇವಿಯ ಬೆಲೆಯನ್ನು ಇನ್ನಷ್ಟು ತಗ್ಗಿಸುವುದು ಸಹಜ, ತಗ್ಗಲೂ ಬೇಕು. ಮನೆಯಲ್ಲಿ ಚಾರ್ಜರ್ ಇದ್ದು, ದಿನದ ಓಡಾಟ ಪುಣೆಯೊಳಗೇ ಇರುವವರು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಪರೀಕ್ಷೆ ಮಾಡಿಸಿ ಹಳೆಯದನ್ನು ಕೊಳ್ಳಬಹುದು. ಪಾರ್ಕಿಂಗ್‌ಗೇ ಜಾಗವಿಲ್ಲದ ಪೇಠೆಗಳಲ್ಲಿ ವಾಸಿಸುವವರಿಗೆ ಹೊಸದೂ ಕಷ್ಟ, ಹಳೆಯದೂ ಕಷ್ಟ.

ಯಾವ ಮಾಡೆಲ್ ಆದರೂ ಪುಣೆಯಲ್ಲಿ ನೀರಿನ ಗುರುತು ಹುಡುಕದೆ ಮುಂಗಡ ಕೊಡಬಾರದು. 2024ರ ಜುಲೈನಲ್ಲಿ ಖಡಕವಾಸಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ನಿಲ್ಲಿಸಿದ್ದ ವಾಹನಗಳು ಮುಳುಗಿದವು. ಅಂಥ ಗಾಡಿಗಳು ತೊಳೆದು, ಪಾಲಿಶ್ ಮಾಡಿ ಮಾರುಕಟ್ಟೆಗೆ ಬರುವುದು ಎಲ್ಲ ಊರುಗಳಲ್ಲೂ ಇದೆ. ಕಾಲಡಿಯ ಕಾರ್ಪೆಟ್ ಎತ್ತಿ, ಸೀಟಿನ ಹಳಿಗಳ ತುಕ್ಕು ನೋಡಿ, ಬೆಲ್ಟನ್ನು ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಗೆರೆ ಇದೆಯೇ ಎಂದು ನೋಡಬೇಕು.

ಊರಿಗೆ ಮರಳುವ ಯೋಚನೆಯಲ್ಲಿರುವ ಪುಣೆ ಕನ್ನಡಿಗರಿಗೆ ಇನ್ನೊಂದು ಲೆಕ್ಕವೂ ಇದೆ. ಎಂಎಚ್-12 ಅಥವಾ ಎಂಎಚ್-14 ಗಾಡಿಯನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಅಲ್ಲಿ ಮರುನೋಂದಣಿ ಮಾಡಿಸಬೇಕು. ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಸಾಲ ತೀರಿದ್ದರೆ ಬ್ಯಾಂಕಿನ ಪತ್ರ, ಮೇಲೆ ಕರ್ನಾಟಕದ ಆಜೀವ ತೆರಿಗೆ. ಆ ತೆರಿಗೆ ದೇಶದಲ್ಲೇ ದುಬಾರಿಯಾದವುಗಳಲ್ಲಿ ಒಂದು. ಗಾಡಿಯ ವಯಸ್ಸಿಗೆ ತಕ್ಕಂತೆ ಇಳಿಯುತ್ತದೆ, ಆದರೆ ಹ್ಯಾರಿಯರ್‌ನಂಥ ಕಾರಿಗೆ ಇಳಿದ ಮೇಲೂ ದೊಡ್ಡ ಮೊತ್ತವೇ. ಒಂದೆರಡು ವರ್ಷದಲ್ಲಿ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುವುದು ಖಚಿತವಾಗಿದ್ದರೆ, ಪುಣೆಯಲ್ಲಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಟ್ಟು, ಅಲ್ಲಿಯೇ ಕೆಎ ನಂಬರಿನ ಗಾಡಿ ಹುಡುಕುವುದು ಮೇಲು.